ಭೂಮದ ತಟ್ಟೆಯ ಮೊದಲ ತುತ್ತು

ಅಧ್ಯಕ್ಷತೆ ವಹಿಸಿರುವ ಅಪ್ಪಯ್ಯಣ್ಣನವರೇ, ಸಮೇತನಹಳ್ಳಿಯ ಹಿರಿಯರೇ, ಮುಂದಿನ ಸಾಲಿನಿಂದ ನನ್ನನ್ನೇ ನೋಡುತ್ತಿರುವ ಅತ್ತೆಯವರೇ, ಸಭಿಕರೇ,

ನಾನು ಅರ್ಪಿತ. ಈ ಊರಿನ ಸೊಸೆಯಾಗಿ ಇಂದಿಗೆ ನಲವತ್ತೊಂದು ದಿನ. ದಿನ ಎಣಿಸುತ್ತಿದ್ದಾಳೆಂದು ನಗಬೇಡಿ, ಅಷ್ಟು ಸಂತೋಷವಾಗಿದ್ದೇನೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಮಾತಿನಲ್ಲಿ ತಪ್ಪಾದರೆ ತಿದ್ದಿ. ಡಾಕ್ಟರೇಟ್ ಬಂತೆಂದು ಶಾಲು ಹೊದಿಸಿದಿರಿ. ಯಾವುದಕ್ಕೆ ಬಂತೆಂದು ಹೇಳದೆ ಹೊದ್ದುಕೊಂಡು ಹೋಗುವುದು ಸರಿಯೇ?

ಹೆಪಟೈಟಿಸ್ ಬಿ ವೈರಾಣು ಲಿವರ್‌ನ ಜೀವಕೋಶದೊಳಗೆ ಸೇರಿಕೊಳ್ಳುತ್ತದೆ. ಅಲ್ಲಿ ಸದಾ ಸುದ್ದಿ ಓಡಾಡುತ್ತಿರುತ್ತದೆ. ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಆಡಿದ ಮಾತು ಬಾಯಿಂದ ಬಾಯಿಗೆ ದಾಟಿ ಕೊನೆಯ ಮನೆ ಮುಟ್ಟುವ ಹಾಗೆ, ಒಂದು ಪ್ರೋಟೀನ್ ಇನ್ನೊಂದಕ್ಕೆ ಸುದ್ದಿ ದಾಟಿಸುತ್ತದೆ. ಕೆಲವು ಸುದ್ದಿ ಮುಟ್ಟಿದರೆ ವೈರಾಣು ಹೆಚ್ಚುತ್ತದೆ, ಕೆಲವು ಮುಟ್ಟಿದರೆ ತಗ್ಗುತ್ತದೆ. ಯಾವ ಸುದ್ದಿಯನ್ನು ಎಲ್ಲಿ ತಡೆಯಬೇಕು? ಐದು ವರ್ಷ ನಾನು ಹುಡುಕಿದ್ದು ಇಷ್ಟನ್ನೇ.

ಈ ವೈರಾಣು ನಮ್ಮವರ, ಮನೋಹರ್ ಅವರ, ರಕ್ತದಲ್ಲಿದೆ. ನಿಮಗೆಲ್ಲ ಗೊತ್ತಿರುವುದೇ, ಮೈಕಿನಲ್ಲೇ ಹೇಳು ಎಂದು ಅವರೇ ಹೇಳಿದ್ದಾರೆ. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ರಕ್ತದಾನ ಮಾಡಿದಾಗ ತಿಳಿಯಿತು. ಅಂದಿನಿಂದ ಆರು ವರ್ಷ ಮನೆಯಲ್ಲಿ ಅವರಿಗೆ ಬೇರೆ ತಟ್ಟೆ, ಬೇರೆ ಲೋಟ. ಅತ್ತೆ ಮುನಿವೆಂಕಟಮ್ಮನವರು ಭಯಕ್ಕೆ ಇಟ್ಟಿದ್ದು. ಇದು ರಕ್ತದಿಂದ, ದೇಹ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ತಟ್ಟೆಯಿಂದ ಬರುವುದಿಲ್ಲ, ನಾನು ಲಸಿಕೆಯನ್ನೂ ಹಾಕಿಸಿಕೊಂಡಿದ್ದೇನೆ ಎಂದು ನಿಶ್ಚಿತಾರ್ಥದ ದಿನವೇ ಅತ್ತೆಗೆ ವಿವರಿಸಿದೆ. "ಹೂಂ" ಎಂದು ಎದ್ದು ಹೋದರು.

ಮದುವೆಯಲ್ಲಿ ಭೂಮದ ಊಟ. ಗಂಡು, ಹೆಣ್ಣು, ಹತ್ತಿರದವರು ಒಂದೇ ತಟ್ಟೆಯಲ್ಲಿ ಉಣ್ಣಬೇಕು. ಇವರು ಅನ್ನ ಕಲಸಿ ಕೈ ಹಿಂದಕ್ಕೆ ತೆಗೆದುಕೊಂಡರು. ಸುತ್ತ ಕುಳಿತವರು ಯಾರೂ ಕೈ ಚಾಚಲಿಲ್ಲ. ಮುಂದಿನದನ್ನು ಚೀಟಿಯಲ್ಲಿ ಬರೆದುಕೊಂಡಿರಲಿಲ್ಲ, ಆದರೂ ಹೇಳುತ್ತೇನೆ. ನನ್ನ ಕೈಯೂ ಏಳಲಿಲ್ಲ. ಐದು ವರ್ಷ ಇದನ್ನೇ ಓದಿದವಳ ಕೈ.

ಅತ್ತೆ ಜನ ಸರಿಸಿಕೊಂಡು ಬಂದು ಕುಳಿತರು. ಮಗ ಕಲಸಿದ ಅನ್ನವನ್ನೇ ತೆಗೆದು ಬಾಯಿಗಿಟ್ಟುಕೊಂಡರು. "ಏನಮ್ಮಾ, ತಟ್ಟೆಯಿಂದ ಬರಲ್ಲ ಅಂತ ನೀನೇ ಅಲ್ವಾ ಹೇಳಿದ್ದು? ಉಣ್ಣು ಮತ್ತೆ, ಅನ್ನ ಆರೋಗ್ತದೆ."

ಉಂಡೆ. ಆ ಬೇರೆ ತಟ್ಟೆ ಈಗ ಉಳಿದವುಗಳ ಜೊತೆ ಸೇರಿಹೋಗಿದೆ. ಯಾವುದೆಂದು ನನಗೆ ಗುರುತು ಸಿಗುವುದಿಲ್ಲ.

ಇನ್ನು ಸ್ವಲ್ಪ ಹೊತ್ತಿಗೆ ಊಟ. ಇವರು ಮೊದಲ ಪಂಕ್ತಿಗೆ ಕೂರುತ್ತಾರೆ. ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅತ್ತೆ ಆಗಲೇ ಟವೆಲ್ ಹಾಕಿ ಹಿಡಿದಿಟ್ಟಿದ್ದಾರೆ. ಎದುರಿನ ಸಾಲು ನಿಮ್ಮದು, ಬನ್ನಿ. ತಟ್ಟೆಯಿಂದ ಬರುವುದಿಲ್ಲ ಎಂಬ ಈ ಸುದ್ದಿಯನ್ನು ಮಾತ್ರ ಎಲ್ಲೂ ತಡೆಯದೆ ಕೊನೆಯ ಮನೆಗೂ ಮುಟ್ಟಿಸಿ. ಶಾಲಿಗೂ ಇಷ್ಟು ಹೊತ್ತು ಕೇಳಿದ್ದಕ್ಕೂ ಧನ್ಯವಾದ. ನಮಸ್ಕಾರ.