ಬೆಳ್ಳಿ ವರ್ಖದ ಹಲ್ವಾ ಮತ್ತು ಭಾನುವಾರದ ಪಾಠ

ಅಧ್ಯಕ್ಷರೂ ಈ ಶಾಲೆಯ ಮುಖ್ಯಗುರುಗಳೂ ಆದ ಮಚ್ಛೇಂದ್ರ ಸರ ಅವರೇ, ಇಂದು ಸನ್ಮಾನ ಪಡೆಯುತ್ತಿರುವ ವಿಜ್ಞಾನ ಶಿಕ್ಷಕಿ, ನಮ್ಮ ಮನೆಯ ಸೊಸೆ ಸಪನಾ ಅವರೇ, ಊಟದ ವಾಸನೆ ಬಂದರೂ ಎದ್ದು ಹೋಗದೆ ಕುಳಿತಿರುವ ಭಾಲ್ಕಿಯ ಸಭಿಕರೇ,

ಹಲಬರ್ಗಾದಲ್ಲಿ ಕುರಿ ಕಾಯ್ದು ಬೆಳೆದವನಿಗೆ ಮೈಕಿನ ಮುಂದೆ ಮಾತು ಬರುತ್ತದೆಯೇ? ಬರುವುದಿಲ್ಲ. ಆದರೆ ಮೈಕ್ರೋವೇವ್ ಮುಂದೆ ಕುಳಿತ ಅನುಭವವಿದೆ.

ಅದು ಸೊಸೆಯ ತವರಾದ ಔರಾದದಿಂದ ಬಂದದ್ದು. ಅಡುಗೆಗೆಂದುಕೊಂಡಿದ್ದೆವು, ಸೊಸೆ ಅದನ್ನು ವಿಜ್ಞಾನದ ಪಾಠಕ್ಕೆ ಹಚ್ಚಿದಳು. ಭಾನುವಾರ ಬಂತೆಂದರೆ ಶಾಲೆಯ ಹುಡುಗಿಯರೆಲ್ಲ ನಮ್ಮ ಮನೆಯಲ್ಲಿ. ಅದರೊಳಗೆ ಸಾಬೂನು ಇಟ್ಟರು, ಅದು ಹತ್ತಿಯಂತೆ ಉಬ್ಬಿತು. ಇಂಥದ್ದೆಲ್ಲ ಬೇಕೇ? ನನಗಂತೂ ಬೇಕಾಗಿರಲಿಲ್ಲ. ಸರಿಯಾಗಿ ಕಾಣಲೆಂದು ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಳ್ಳುತ್ತಿದ್ದೆ, ಅಷ್ಟೇ. ಸೊಸೆ ಪ್ರತಿಸಲ ಹಿಂದಕ್ಕೆ ಸರಿಸುತ್ತಿದ್ದಳು.

ಆಮೇಲೆ ಮೊಟ್ಟೆ. ಅದು ಸಿಡಿದ ಸದ್ದು ಓಣಿಗೆಲ್ಲ ಕೇಳಿ, ಶಾಲೆಗೆ ದೂರು ಹೋಯಿತು. ಮರುವಾರ ಸರ ಬಂದು, ಈ ಪಾಠ ಇವತ್ತಿನಿಂದ ಬಂದ್ ಎಂದರು. ಕೆಟ್ಟ ಸುದ್ದಿಯನ್ನು ಬರಿಗೈಯಲ್ಲಿ ತರುವವರಲ್ಲ ಅವರು. ಬೀದರಿನ ಅಬ್ದುಲ ಗಫೂರರ ಅಂಗಡಿಯ ಗಜ್ಜರಿ ಹಲ್ವಾ ತಂದಿದ್ದರು, ಮೇಲೆ ಕಾಗದಕ್ಕಿಂತ ತೆಳುವಾದ ಬೆಳ್ಳಿಯ ಹಾಳೆ, ವರ್ಖ. ಹುಡುಗಿಯರ ಮುಖ ಇಳಿಯಿತು. ಸೊಸೆ ನೀರು ತರಲು ಒಳಗೆ ಹೋದಳು.

"ತಣ್ಣನ ಹಲ್ವಾ ಯಾರ್ ತಿಂತಾರ್ರಿ ವೈಜಿನಾಥಪ್ಪನೋರ? ತರ್ರಿ ಇಲ್ಲಿ, ಇಂಥಾ ಮಶಿನ್ ನಮ್ಮ ಮನ್ಯಾಗೂ ಅದ," ಎಂದು ಸರ ತಾವೇ ಇಟ್ಟು ಗುಂಡಿ ಒತ್ತಿದರು.

ಬೆಳ್ಳಿ ಸುಮ್ಮನಿರುತ್ತದೆಯೇ? ಚಟಚಟ ಕಿಡಿ ಹಾರಿತು. ಸರ ನನ್ನ ಬೆನ್ನ ಹಿಂದೆ ಬಂದು ನಿಂತರು. ನಾನು ಸರಿಯಲು ಹೋದರೆ ಅಂಗಿ ಬಿಡಲೊಲ್ಲರು. ಸೊಸೆ ಓಡಿ ಬಂದು ಸ್ವಿಚ್ ಆರಿಸಿದಳು, ಬಾಗಿಲು ತೆಗೆಯದೆ ಕಾದಳು. ಯಾರೂ ನಗಲಿಲ್ಲ, ಹುಡುಗಿಯರು ಓಢಣಿ ಕಚ್ಚಿಕೊಂಡಿದ್ದರು.

ಸರ ಸೊಸೆಯನ್ನು ಮೆಲ್ಲಗೆ ಕೇಳಿದರು: "ಬಾಯಿಯವರ, ಇದು ಹಿಂಗ್ಯಾಕ ಆತ್ರಿ?"

"ಈ ಪೋರಿಗೋಳು ಐತಾರಕ್ಕೊಮ್ಮಿ ಕೇಳೋದೂ ಇದನ್ನೇರಿ ಸರ. ಕುಂದರ್ರಿ, ಹೇಳ್ತೇನಿ."

ಸರ ಕುಳಿತರು. ಎಲ್ಲಿ? ನನ್ನ ಕುರ್ಚಿಯಲ್ಲಿ. ಬಂದ್ ಆದ ಪಾಠ ಮಧ್ಯಾಹ್ನದ ತನಕ ನಡೆಯಿತು.

ಇನ್ನು ಮುಂದೆ ಅದು ಶಾಲೆಯಲ್ಲೇ ನಡೆಯುತ್ತದಂತೆ. ಮೈಕ್ರೋವೇವನ್ನು ಬೆಳಿಗ್ಗೆಯೇ ಹೊತ್ತು ತಂದರು. ಒಳ್ಳೆಯದೇ, ಮನೆ ಶಾಂತವಾಯಿತು. ಆದರೆ ಅಷ್ಟೊಂದು ಶಾಂತಿ ಇಟ್ಟುಕೊಂಡು ಭಾನುವಾರ ನಾನೇನು ಮಾಡಲಿ? ಅಧ್ಯಕ್ಷರಲ್ಲಿ ಒಂದೇ ವಿನಂತಿ: ಅಲ್ಲಿ ನನಗೂ ಒಂದು ಕುರ್ಚಿ ಹಾಕಿಸಿರಿ. ಸೊಸೆ ಹೇಳಿದಷ್ಟು ದೂರದಲ್ಲೇ ಇರಲಿ, ಮುಂದೆ ಎಳೆದುಕೊಳ್ಳುವುದಿಲ್ಲ. ನೀವು ಮಾತ್ರ ಅದರಲ್ಲಿ ಕೂಡಬೇಡಿರಿ.

ಹಸಿವನ್ನು ತಡೆದು ಕೇಳಿದ ನಿಮಗೆಲ್ಲ ಧನ್ಯವಾದಗಳು, ನಮಸ್ಕಾರ.