ಪಟ್ಟಿಯಲ್ಲಿ ಇಲ್ಲದ ಹೆಸರು

ಹಿಮ ಬಿದ್ದ ಬೆಳಗ್ಗೆ ನಮ್ಮ ಕೌಂಟಿಯ ಜೈಲು ಕಚೇರಿಯ ಕಿಟಕಿಯೆದುರು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಮುದುಕಿ, ಮಗನ ಹೆಸರನ್ನೂ ಹುಟ್ಟಿದ ದಿನವನ್ನೂ ಬಾಯಿಪಾಠದ ಕೀರ್ತನೆಯಂತೆ ಒಪ್ಪಿಸಿದಳು. ಕಿಟಕಿಯಾಚೆಯ ಗುಮಾಸ್ತೆ ಬಂಧಿತರ ಪಟ್ಟಿ ನೋಡಿದಳು.

“ಡೆಲ್ಬರ್ಟ್ ಸ್ಟಾಂಪರ್ ಅನ್ನೋರು ಯಾರೂ ಇಲ್ಲಮ್ಮ. ಒಳ್ಳೇ ಸುದ್ದಿ ಅಲ್ವಾ?”

“ಹೋದ ವಾರದ್ದೂ ನೋಡು ತಾಯಿ.”

“ನೋಡ್ದೆ. ನವೆಂಬರಲ್ಲಿ ಕುಡಿದು ಗಲಾಟೆ ಮಾಡಿದ್ದೇ ಕೊನೆ. ಸುಧಾರಿಸಿದಾನೆ ಬಿಡಿ.”

“ಅವನಾ? ಪಾದ್ರಿ ಕೊಟ್ಟ ಕೋಟನ್ನೇ ಮಾರಿ ಕುಡಿದವನು ಕಣೇ ಅವನು!”

ಇಬ್ಬರೂ ನಕ್ಕರು. ಮುದುಕಿ ಮೊದಲು ನಿಲ್ಲಿಸಿದಳು.

“ಸೇತುವೆ ಕೆಳಗೆ ಮಲಗ್ತಿದ್ದ. ಹನ್ನೊಂದು ದಿನ ಆಯ್ತು, ಅಲ್ಲಿಲ್ಲ. ಆಸ್ಪತ್ರೇಲೂ ಇಲ್ಲ. ಇಲ್ಲಿದ್ರೆ ಬೆಚ್ಚಗಾದ್ರೂ ಇರ್ತಾನೆ.”

ಗುಮಾಸ್ತೆ ಅಕ್ಕಪಕ್ಕದ ಮೂರು ಕೌಂಟಿಗಳ ಪಟ್ಟಿಗಳನ್ನೂ ತೆರೆದಳು.

“ಎಲ್ಲೂ ಇಲ್ಲಮ್ಮ.”

“ಇನ್ನೊಂದ್ಸಲ ನೋಡೇ. ಇಷ್ಟೊತ್ತಿಗೆ ಏನಾದ್ರೂ ಕದ್ದಿರ್ಲೇಬೇಕು ಅವನು.”

ಗುಮಾಸ್ತೆ ಮತ್ತೆ ನೋಡಿದಳು. ಬೇಕೆಂದೇ ನಿಧಾನ ಮಾಡುತ್ತಿದ್ದಾಳೆ ಅನ್ನಿಸಿತು.

“ಇಲ್ಲ. ಹೊಸ ಪಟ್ಟಿ ನಾಳೆ ಎಂಟಕ್ಕೆ ಬರುತ್ತೆ. ಮನೇಲೇ ಕೂತು ಫೋನಲ್ಲಿ ನೋಡ್ಬಹುದು.”

“ನಾನೇ ಬರ್ತೀನಿ. ಈ ಉಣ್ಣೆ ಕಾಲುಚೀಲ ಇಟ್ಕೊಂಡಿರು. ರಾತ್ರಿ ಅವನನ್ನ ಹಿಡ್ಕೊಂಡು ಬಂದ್ರೆ ಕೊಡು.”

“ಪಟ್ಟೀಲಿ ಇಲ್ದೋರಿಗೆ ಏನೂ ತಗೊಳ್ಳೋ ಹಾಗಿಲ್ಲಮ್ಮ.”

“ಹೌದಾ? ಸರಿ, ನಿನ್ನ ತಪ್ಪೇನಿದೆ.”

ಮುದುಕಿ ಕಾಲುಚೀಲಗಳನ್ನು ಮತ್ತೆ ಮಡಚಿ, ಎದೆಗವಚಿಕೊಂಡು ಹಿಮದೊಳಗೆ ಇಳಿದುಹೋದಳು. ಗುಮಾಸ್ತೆ ಪಟ್ಟಿಯನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಆಮೇಲೆ ನನ್ನನ್ನು ಕರೆದಳು.