ಭೂಮಿಯ ಇನ್ನೊಂದು ಅರ್ಧ

ತರಕಾರಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಗೃಹಿಣಿಯ ಪಕ್ಕಕ್ಕೆ ಇಬ್ಬರು ಟೀಚರುಗಳು ಬಂದು ಕೂತರು. ಸರ್ಕಾರ ನಡೆಸುವ ವಿಜ್ಞಾನ ತರಬೇತಿ ಮುಗಿಸಿ ಬಂದವರು. ಒಬ್ಬರ ತಲೆ ನರೆತಿತ್ತು.

"ಬೇಸಿಗೇಲಿ ಸೂರ್ಯ ಹತ್ತಿರ ಬರ್ತಾನೆ ಅಂತ ಇಪ್ಪತ್ತಾರು ವರ್ಷ ಪಾಠ ಮಾಡಿದೆನಲ್ಲೇ," ಎಂದರು ಹಿರಿಯರು. "ಭೂಮಿ ವಾಲಿಕೊಂಡಿರೋದು ಕಾರಣ ಅಂತ ಇವತ್ತು ತಿಳೀತು."

"ನೀವು ನಂಗೆ ಹೇಳಿಕೊಟ್ಟಿದ್ದನ್ನೇ ನಾನೂ ಮಕ್ಕಳಿಗೆ ಹೇಳ್ತಾ ಬಂದೆ, ಮೇಡಂ."

"ಹೋದ ವಾರ ಒಬ್ಬಳು ಹುಡುಗಿ ಕೇಳಿದಳು, ಹಾಗಾದ್ರೆ ಅದೇ ಹೊತ್ತಲ್ಲಿ ಭೂಮಿಯ ಇನ್ನೊಂದು ಅರ್ಧದಲ್ಲಿ ಚಳಿ ಯಾಕೆ ಅಂತ. ಅಧಿಕಪ್ರಸಂಗ ಸಾಕು, ಕೂತ್ಕೋ ಅಂದೆ. ಆಮೇಲೆ ಅವಳು ಕೈಯೆತ್ತಲೇ ಇಲ್ಲ."

ಗೃಹಿಣಿಯ ಬಸ್ಸು ಬಂತು. ಅವಳು ಏಳಲಿಲ್ಲ.

"ನಾಳೆ ಏನ್ಮಾಡ್ತೀರಿ?"

"ಅವಳನ್ನ ಬೋರ್ಡಿನ ಹತ್ತಿರ ಕರೀತೀನಿ. ನೀನು ಕೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಅಂತೀನಿ."

"ಎಲ್ಲರ ಮುಂದೆ ಮರ್ಯಾದೆ ಹೋಗಲ್ವಾ?"

"ಅದು ಇವತ್ತೇ ಹೋಯ್ತಲ್ಲ, ಸರ್ಕಾರದ ಖರ್ಚಲ್ಲಿ."

ಕಿರಿಯಳು ನಕ್ಕಳು. "ನೀವು ಮೊದಲು ಹೇಳಿ ನೋಡಿ, ಮೇಡಂ. ಆಮೇಲೆ ನಾನೂ ನನ್ನ ಕ್ಲಾಸಲ್ಲಿ ಹೇಳ್ತೀನಿ."

"ನನ್ನ ಕ್ಲಾಸಲ್ಲಿ ಕೂತಿದ್ದಾಗಲೂ ಹೀಗೇ, ನಾನು ಬೋರ್ಡ್ ಮೇಲೆ ಬರೆದ ಮೇಲೇ ನೀನು ಬರೀತಿದ್ದೆ," ಎಂದ ಹಿರಿಯರು ತಮ್ಮ ಬಸ್ಸು ಬಂದಾಗ ಕಿರಿಯಳ ಬೆನ್ನ ಮೇಲೆ ಕೈಯಿಟ್ಟು ಅವಳನ್ನೇ ಮೊದಲು ಹತ್ತಿಸಿದರು.